ಆರು ಗಾಲಿ, ಆರು ನಿಂಬೆಹಣ್ಣು

ಕೆಂಗೇರಿ ಉಪನಗರದ ಚಕ್ರಪಾಣಿಯವರು ರೈಲ್ವೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು ಎಂಬ ಮಾತಿನಲ್ಲಿ ಸುಳ್ಳಿನ ಲವಲೇಶವೂ ಇಲ್ಲ. ಆ ಸೇವೆ ಆದಿಯಿಂದ ಅಂತ್ಯದವರೆಗೆ ಪಾರ್ಸಲ್ ಆಫೀಸಿನ ಒಂದೇ ಮೇಜಿನ ಹಿಂದೆ ನಡೆಯಿತು ಎಂಬುದನ್ನು ಅವರಾಗಿ ಹೇಳುತ್ತಿರಲಿಲ್ಲ, ಅಷ್ಟೇ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಆದರೆ ನಮ್ಮ ಜನ 'ರೈಲ್ವೆ' ಎಂದ ಕೂಡಲೇ "ಹಾಗಾದ್ರೆ ಪಾಸ್ ಸಿಗತ್ತಲ್ಲ ಸಾರ್ ನಿಮಗೆ?" ಎನ್ನುತ್ತಾರೆ, ಮಾತು ಪಾಸಿನ ಬೆನ್ನು ಹತ್ತಿ ಕಾಶಿ ರಾಮೇಶ್ವರ ಮುಟ್ಟುತ್ತದೆ.

ಪಾರ್ಸಲ್ ಆಫೀಸಿನಲ್ಲಿ ಚಕ್ರಪಾಣಿಯವರು ಸಾಮಾನ್ಯ ಆಸಾಮಿಯಾಗಿರಲಿಲ್ಲ. ಗೋಣಿ ಸುತ್ತಿದ ಮೋಟಾರ್ ಬೈಕು, ಮಾವಿನ ಹಣ್ಣಿನ ಬುಟ್ಟಿ, ವೀಳ್ಯದೆಲೆಯ ಪೆಂಡಿ, ಒಮ್ಮೆ ಒಂದು ನಾಟಕ ಕಂಪನಿಯ ಸಿಂಹಾಸನ, ಎಲ್ಲಕ್ಕೂ ತಾವೇ ರಟ್ಟಿನ ಚೀಟಿ ಕಟ್ಟಿ, ಗುಂಡಗಿನ ಅಕ್ಷರದಲ್ಲಿ ಊರು ಬರೆದು, ಹುರಿಗೆ ತಮ್ಮದೇ ಒಂದು ಗಂಟು ಹಾಕುತ್ತಿದ್ದರು. ಅದನ್ನು ಬಿಚ್ಚಲು ಆ ಕಡೆಯ ಊರಿನವರು ಕತ್ತರಿ ಹುಡುಕಬೇಕಾಗುತ್ತಿತ್ತು. ಅವರ ಕೈ ದಾಟಿದ ಸಾಮಾನು ಒಂದೂ ಕಳೆದದ್ದಿಲ್ಲ. ಆದರೆ ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡರೆ ಯಾರ ಮೈ ನವಿರೇಳುತ್ತದೆ?

ಮೈ ನವಿರೇಳಿಸಲೇಬೇಕಾದ ಸಂದರ್ಭ ಬಂದದ್ದು ಮಗಳು ಮಾಲವಿಕಾಳ ನಿಶ್ಚಿತಾರ್ಥದ ದಿನ. ಹುಡುಗ ಸಿದ್ದಲಿಂಗೇಶ್ ಅವಳೇ ಆರಿಸಿಕೊಂಡವನು, ರಾಣೆಬೆನ್ನೂರಿನ ಕಡೆಯವನು. ಅವನ ತಂದೆ ಶಿವಬಸಪ್ಪನವರು ನೀರಾವರಿ ಇಲಾಖೆಯಲ್ಲಿದ್ದವರು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಊಟವಾದ ಮೇಲೆ ಎಲೆಅಡಿಕೆ ಜಗಿಯುತ್ತ, ಭಾರೀ ಮಳೆಗಾಲದಲ್ಲಿ ನಾಲೆಯ ಗೇಟು ಕಚ್ಚಿಕೊಂಡಾಗ ತಾವೊಬ್ಬರೇ ಹಾರೆ ಹಿಡಿದು ಅದನ್ನೆತ್ತಿ ಮೂರು ಊರು ಉಳಿಸಿದ ಪ್ರಸಂಗವನ್ನು ಅಭಿನಯ ಸಮೇತ ಹೇಳಿದರು. ಹಾರೆಯ ಪಾತ್ರವನ್ನು ಚಕ್ರಪಾಣಿಯವರ ಮನೆಯ ಛತ್ರಿ ವಹಿಸಿತು. ಗೇಟು ಮೇಲೆದ್ದ ಕ್ಷಣದಲ್ಲಿ ಅದರ ಎರಡು ಕಡ್ಡಿ ಮುರಿದವು.

ಚಪ್ಪಾಳೆ ನಿಂತ ಮೇಲೆ ಶಿವಬಸಪ್ಪನವರ ಹೆಂಡತಿ ಜಗದಾಂಬಾ ವಿಶ್ವಾಸದಿಂದಲೇ ಕೇಳಿದರು: "ಬೀಗರದ್ದೂ ಏನಾರ ಇರಬೇಕಲ್ರೀ? ರೈಲ್ವೇದಾಗ ಇದ್ದವರು ನೀವು."

ಹಜಾರದ ತುಂಬ ಕೂತವರೆಲ್ಲ ಚಕ್ರಪಾಣಿಯವರ ಕಡೆ ತಿರುಗಿದರು. ಹಿಂದೊಮ್ಮೆ ಪ್ಲಾಟ್‌ಫಾರಮ್ಮಿನಲ್ಲಿ ಟೀ ಕುಡಿಯುವಾಗ ಯಾರೋ ಡ್ರೈವರ್ ಹೇಳಿದ್ದ ಸಂಗತಿಯೊಂದು ಅವರಿಗೆ ನೆನಪಾಯಿತು. "ಒಬ್ಬ ಡ್ರೈವರ್" ಎಂದು ಶುರು ಮಾಡಬೇಕೆಂದೇ ಅವರು ಬಾಯಿ ತೆರೆದದ್ದು. ಅಷ್ಟರಲ್ಲಿ ಮುರಿದ ಛತ್ರಿ ಕಣ್ಣಿಗೆ ಬಿತ್ತು. ಬಾಯಿಂದ ಬಂದದ್ದು "ನಾನು" ಎಂದು.

"ನಾನು ಆಗ ಮೈಸೂರು ಲೈನಲ್ಲಿ ಉಗಿ ಎಂಜಿನ್ ಓಡಿಸ್ತಿದ್ದೆ. ಬಿಡದಿ ಹತ್ತಿರ ಬೆಳಗಿನ ಮಂಜು. ನೋಡ್ತೀನಿ, ಹಳಿ ಮೇಲೆ ಒಂದು ಕರು!"

ಕರು ಉಳಿಯಿತು. ಬ್ರೇಕು ಹಿಡಿದ ರಭಸಕ್ಕೆ ಗಾಡಿಯೊಳಗಿನ ಜನ ಒಬ್ಬರ ಮೇಲೊಬ್ಬರು ಬಿದ್ದರು. ಕರುವಿನ ಒಡತಿ, ಒಬ್ಬ ಮುದುಕಿ, ಓಡಿಬಂದು ಡ್ರೈವರಿಗೆ ಚೊಂಬಿನ ತುಂಬ ಹಾಲು ಕೊಟ್ಟಳು. ಶಿವಬಸಪ್ಪನವರು ಎದ್ದು ಬಂದು ಬೀಗರನ್ನು ಬಿಗಿಯಾಗಿ ಅಪ್ಪಿಕೊಂಡರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅನಂತಲಕ್ಷ್ಮಿ ಗಂಡನ ಮುಖವನ್ನು ಒಂದು ಸಲ ನೋಡಿ, ಖಾಲಿಯಾಗದ ಕೋಸಂಬರಿ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದರು.

ಅಂದಿನಿಂದ ಆ ಕರುವಿಗೆ ಬಿಡುವಿಲ್ಲದಂತಾಯಿತು. ಮದುವೆಯಲ್ಲಿ ಹೇಳಿಸಿದರು, ಗೃಹಪ್ರವೇಶದಲ್ಲಿ ಹೇಳಿಸಿದರು, ರಾಣೆಬೆನ್ನೂರಿನಿಂದ ಫೋನು ಮಾಡಿ ಸ್ಪೀಕರಿನಲ್ಲಿಟ್ಟು ಹೇಳಿಸಿದರು. ನಿಶ್ಚಿತಾರ್ಥದಲ್ಲಿ ಕಂದು ಬಣ್ಣಕ್ಕಿದ್ದದ್ದು ಮದುವೆಯ ಹೊತ್ತಿಗೆ ಕಪ್ಪಾಯಿತು. ಗೃಹಪ್ರವೇಶದಲ್ಲಿ ಅದರ ಹಣೆಗೆ ಬಿಳಿ ಚುಕ್ಕಿ ಬಂತು. "ಮೊದಲ ಕಂದು ಇತ್ತಲ್ರೀ ಬೀಗರ?" ಎಂದು ಜಗದಾಂಬಾ ಕೇಳಿದಾಗ ಚಕ್ರಪಾಣಿಯವರು, "ಮಂಜು ನೋಡಿ, ಸರಿಯಾಗಿ ಕಾಣ್ತಿರಲಿಲ್ಲ" ಎಂದರು. ಕರುವೇ ಸರಿಯಾಗಿ ಕಾಣದ ಮಂಜಿನಲ್ಲಿ ಗಾಡಿ ಹೇಗೆ ನಿಲ್ಲಿಸಿದರು ಎಂದು ಯಾರೂ ಕೇಳಲಿಲ್ಲ. ಸಂಬಂಧ ಬೆಳೆಸುವವರು ಅಂಥದ್ದನ್ನೆಲ್ಲ ಕೇಳುವುದಿಲ್ಲ.

"ನಿಜ ಹೇಳಿಬಿಡ್ರೀ" ಎಂದು ಅನಂತಲಕ್ಷ್ಮಿ ತರಕಾರಿ ಹೆಚ್ಚಲು ಕೂತಾಗಲೆಲ್ಲ ಹೇಳುತ್ತಿದ್ದರು.

"ಹೇಗೆ ಹೇಳ್ಲಿ ಕಣೇ? ಅಪ್ಪ ಇಷ್ಟು ದೊಡ್ಡ ಸುಳ್ಳ ಅಂತ ಗೊತ್ತಾದ್ರೆ ಆ ಮನೇಲಿ ಮಗಳ ಮಾತಿಗೆ ಏನು ಬೆಲೆ? ನಾಳೆ ಅವಳು ಸಾರಿಗೆ ಉಪ್ಪು ಹಾಕಿದೀನಿ ಅಂದ್ರೂ ರುಚಿ ನೋಡಿ ನಂಬ್ತಾರೆ."

ತಮಾಷೆಯಂತೆ ಹೇಳಿದರೂ ಅವರಿಗಿದ್ದ ನಿಜವಾದ ಹೆದರಿಕೆ ಇದೊಂದೇ. ಜಾತಿ ಬೇರೆ, ಊರು ಬೇರೆ, ಊಟ ಬೇರೆ ಎಂದು ಎರಡೂ ಕಡೆಯ ನೆಂಟರು ಮೂಗು ಮುರಿದಿದ್ದಾಗ, "ಒಳ್ಳೇ ಮಂದಿ ಅದಾರ, ಸಾಕು" ಎಂದು ಮದುವೆ ಮಾಡಿಕೊಂಡವರು ಶಿವಬಸಪ್ಪ. ಆ ಒಳ್ಳೇ ಮಂದಿಯ ಪಟ್ಟವನ್ನು ಒಂದು ಕರುವಿನ ಕಾಲ ಕೆಳಗೆ ಇಟ್ಟಹಾಗಾಗಿತ್ತಲ್ಲ!

ಇಂಥ ಸ್ಥಿತಿಯಲ್ಲಿ ನಾಯಂಡಹಳ್ಳಿಗೆ ಎಂಜಿನ್ ಬಂತು.

ಅಲ್ಲಿನ ಹಳೇ ಗೋದಾಮೊಂದರಲ್ಲಿ ಕೆಲವು ಉತ್ಸಾಹಿಗಳ ಟ್ರಸ್ಟು ಸಣ್ಣದೊಂದು ರೈಲು ಸಂಗ್ರಹಾಲಯ ತೆರೆದಿತ್ತು. ಅದುವರೆಗೆ ಅಲ್ಲಿ ಸಂಗ್ರಹವಾಗಿದ್ದದ್ದು ನಾಲ್ಕು ಲಾಂದ್ರ, ಒಂದು ಗಂಟೆ ಮತ್ತು 'ಇಲ್ಲಿ ಉಗುಳಬಾರದು' ಎಂಬ ಬೋರ್ಡು. ಈಗ ಮುಚ್ಚಿಹೋದ ಸಕ್ಕರೆ ಕಾರ್ಖಾನೆಯೊಂದರಿಂದ, ಹಿಂದೆ ಕಬ್ಬಿನ ಗಾಡಿ ಎಳೆಯುತ್ತಿದ್ದ ಕುಳ್ಳನೆಯ ಉಗಿ ಎಂಜಿನ್ ಒಂದನ್ನು ಅವರು ಗಿಟ್ಟಿಸಿದ್ದರು. ಆರು ಗಾಲಿ, ಡೊಳ್ಳು ಹೊಟ್ಟೆ, ಹೊಗೆಕೊಳವೆಯಲ್ಲಿ ಅರಳಿ ಗಿಡ. ಅದನ್ನು ಹೊತ್ತ ಉದ್ದದ ಲಾರಿ ಮೈಸೂರು ರಸ್ತೆಯ ಜಂಕ್ಷನ್ನಿನಲ್ಲಿ ತಿರುಗಲಾರದೆ ಅಡ್ಡ ನಿಂತಿತು. ಜನ ಮೊದಲು ಶಪಿಸಿದರು. ಆಮೇಲೆ ಇಳಿದು ಬಂದು ಎಂಜಿನ್ ಜೊತೆ ಸೆಲ್ಫಿ ತೆಗೆದುಕೊಂಡರು. ಆಮೇಲೆ, ಸೆಲ್ಫಿಯವರಿಂದಲೇ ಜಾಮ್ ಆಯಿತೆಂದು ಹಿಂದಿನವರು ಶಪಿಸಿದರು.

ಆ ಜಾಮ್‌ನಲ್ಲಿ ಚಕ್ರಪಾಣಿಯವರ ಎದುರು ಮನೆಯ ಹೇಮಶ್ರೀ ಸಿಕ್ಕಿಕೊಂಡಿದ್ದರು. ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಎಲ್ಲಿ ಸಿಕ್ಕಿಕೊಂಡರೂ ಅಲ್ಲೇ ಒಂದು ಸಂಘಟನೆ ಮಾಡುವ ಜೀವ. ಕಾರಿನಿಂದಿಳಿದು, ಲಾರಿಯ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದ ಸಂಗ್ರಹಾಲಯದ ಮುಖ್ಯಸ್ಥ ಮುರಳೀಕೃಷ್ಣರನ್ನು ಹಿಡಿದರು.

"ಸಾರ್, ನಮ್ಮ ರೋಡಲ್ಲೇ ಒಬ್ರು ಸ್ಟೀಮ್ ಎಂಜಿನ್ ಡ್ರೈವರ್ ಇದಾರೆ ಗೊತ್ತಾ? ಮಗಳ ಮದುವೇಲಿ ನಾನೇ ಕಿವಿಯಾರೆ ಕೇಳಿದೀನಿ. ಕರು ಉಳಿಸಿದವರು!"

ಮರುದಿನವೇ ಇಬ್ಬರೂ ಹಣ್ಣಿನ ಬುಟ್ಟಿಯೊಂದಿಗೆ ಚಕ್ರಪಾಣಿಯವರ ಮನೆಯ ಬೆಲ್ ಒತ್ತಿದರು. ಎಂಥ ಗಳಿಗೆಯೋ! ಜಗದಾಂಬಾ ಅವರ ಮಂಡಿ ನೋವನ್ನು ಡಾಕ್ಟರಿಗೆ ತೋರಿಸಲೆಂದು ಬೀಗರಿಬ್ಬರೂ ಬಂದಿದ್ದರು. ಮಗ ಸೊಸೆಯರ ಬಸವೇಶ್ವರನಗರದ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಮೆಟ್ಟಿಲು ಹತ್ತಲಾರೆನೆಂದು ಬೀಗರ ಮನೆಯಲ್ಲೇ ಇಳಿದುಕೊಂಡಿದ್ದರು.

ಮುರಳೀಕೃಷ್ಣ ಕೈಮುಗಿದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ, ಸಣಕಲು, ಭಾವುಕ ಮನುಷ್ಯ. "ಸಾರ್, ಎಂಜಿನ್ ಪೂರ್ತಿ ಬಿಚ್ಚಿ ಸರಿಮಾಡಿ ಜೋಡಿಸ್ಬೇಕು. ನಾನು ಪುಸ್ತಕದಲ್ಲಿ ಓದಿದವನು. ಓಡಿಸಿದ ಕೈ ಒಂದು ಪಕ್ಕದಲ್ಲಿದ್ರೆ ಧೈರ್ಯ."

"ನನಗೆ ವಯಸ್ಸಾಯ್ತು ಸಾರ್. ಸೊಂಟ ಬೇರೆ..."

"ಏನ್ರೀ ಬೀಗರ!" ಶಿವಬಸಪ್ಪನವರ ದನಿಗೆ ಬುಟ್ಟಿಯಿಂದ ಒಂದು ಮೋಸಂಬಿ ಉರುಳಿ ಬಿತ್ತು. "ಸೊಂಟ ಅಂತ, ಸೊಂಟ! ಆವತ್ತ ಕರು ಎದುರಿಗೆ ಬಂದಾಗ ಸೊಂಟ ನೋಡ್ಕೋತ ಕುಂತಿದ್ರೇನ? ಬರ್ತಾರ್ರೀ ಸಾಹೇಬ್ರ, ನಮ್ಮ ಬೀಗರು ಬರ್ತಾರ. ನಾ ಜವಾಬ್ದಾರಿ!"

ಚಕ್ರಪಾಣಿಯವರು ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದರು.

"ಹೋಗಿಬನ್ನಿ" ಎಂದರು ಅನಂತಲಕ್ಷ್ಮಿ, ಉರುಳಿದ ಮೋಸಂಬಿ ಎತ್ತಿಡುತ್ತ. "ಡಬ್ಬಿಗೆ ಚಪಾತಿ ಹಾಕ್ಲಾ, ಚಿತ್ರಾನ್ನ ಹಾಕ್ಲಾ?"

ಹೀಗೆ ಚಕ್ರಪಾಣಿಯವರು ದಿನಾ ಮೆಟ್ರೋ ಹತ್ತಿ ನಾಯಂಡಹಳ್ಳಿಗೆ ಹೋಗತೊಡಗಿದರು.

ಮೊದಲ ದಿನ ಅಲ್ಲಿನ ಮೇಸ್ತ್ರಿ ದ್ಯಾಮಪ್ಪ ಸ್ಪ್ಯಾನರ್ ಹಿಡಿದು ಕಾದು ನಿಂತಿದ್ದ. ಪಕ್ಕದ ರಸ್ತೆಯಲ್ಲಿ ಅವನದೊಂದು ಗ್ಯಾರೇಜು. ಇಷ್ಟು ದೊಡ್ಡ ಗಾಡಿಗೆ ಕೈ ಹಾಕುವುದು ಇದೇ ಮೊದಲು. "ಎಲ್ಲಿಂದ ಶುರು ಮಾಡಣ ಸಾರ್?"

ಚಕ್ರಪಾಣಿಯವರು ಕೈ ಹಿಂದೆ ಕಟ್ಟಿಕೊಂಡು ಎಂಜಿನ್ನಿಗೆ ಒಂದು ಪ್ರದಕ್ಷಿಣೆ ಹಾಕಿದರು. ಅದರ ಡೊಳ್ಳು ಹೊಟ್ಟೆಯನ್ನು, ಹಲಸಿನಹಣ್ಣು ಕೊಳ್ಳುವಾಗ ತಟ್ಟುವಂತೆ ಗೆಣ್ಣಿನಿಂದ ತಟ್ಟಿದರು. ಕಿವಿಯಿಟ್ಟು ಆಲಿಸಿದರು. ಒಳಗೆ ಒಂದು ಹಲ್ಲಿ ಲೊಚಗುಟ್ಟಿತು.

"ಮೊದಲು ಒರೆಸಿ" ಎಂದರು.

ಒರೆಸಿದರು. ಮಣ್ಣು, ಮಸಿ, ತುಕ್ಕಿನ ಕೆಳಗಿನಿಂದ ಒಂದು ಹಿತ್ತಾಳೆಯ ಪಟ್ಟಿ ಫಳ್ಳನೆ ಹೊಳೆಯಿತು. ಮುರಳೀಕೃಷ್ಣರ ಕಣ್ಣು ತುಂಬಿತು. "ಅನುಭವ ಅಂದ್ರೆ ಇದು! ನಾನಾಗಿದ್ರೆ ಮೊದಲ ದಿನವೇ ಬಾಯ್ಲರಿಗೆ ಕೈ ಹಾಕಿರ್ತಿದ್ದೆ."

ಮರುದಿನ ದ್ಯಾಮಪ್ಪ ಕೇಳಿದ: "ಈ ವಾಲ್ವ್ ಏನ್ ಮಾಡಣ ಸಾರ್?"

"ಬಿಚ್ಚಿ, ಒರೆಸಿ."

"ಈ ಪೈಪು?"

"ಒರೆಸಿ ನೋಡೋಣ."

ಯಾವ ಪ್ರಶ್ನೆಗೂ ಹೊಂದುವ ಉತ್ತರ ಅದು. ಒರೆಸಿದ್ದರಿಂದ ಕೆಟ್ಟುಹೋದ ಯಂತ್ರ ಈ ಪ್ರಪಂಚದಲ್ಲಿ ಇನ್ನೂ ಹುಟ್ಟಿಲ್ಲ. ಪುಸ್ತಕ ನೋಡಿ ಮುರಳೀಕೃಷ್ಣ ಏನಾದರೂ ಸೂಚಿಸಿದರೆ ಚಕ್ರಪಾಣಿಯವರು ಕಣ್ಣು ಮುಚ್ಚಿ, ನಿಧಾನವಾಗಿ ತಲೆದೂಗುತ್ತಿದ್ದರು. ಮೇಷ್ಟ್ರಿಗೆ ಪಾಸಾದಷ್ಟು ಖುಷಿ.

ಬಿಚ್ಚಿದ ಭಾಗಗಳು ನೆಲದ ಮೇಲೆ ರಾಶಿ ಬೀಳತೊಡಗಿದಾಗ ಮಾತ್ರ ಚಕ್ರಪಾಣಿಯವರಿಗೆ ಸುಮ್ಮನೆ ಕೂರಲಾಗಲಿಲ್ಲ. ವಿಳಾಸವಿಲ್ಲದ ಸಾಮಾನು ಕಂಡರೆ ಅವರ ಕೈ ತುರಿಸುತ್ತದೆ. ಮನೆಯ ಅಟ್ಟದಿಂದ ರಟ್ಟಿನ ಚೀಟಿಗಳ ಕಟ್ಟು, ಹುರಿಯ ಉಂಡೆ ಹೊತ್ತು ತಂದರು. ಬಿಚ್ಚಿದ ಒಂದೊಂದು ತುಂಡಿಗೂ ಗುಂಡಗಿನ ಅಕ್ಷರದಲ್ಲಿ ಬರೆದು ಕಟ್ಟಿದರು: 'ಎಡಗಡೆ, ಮುಂದಿನ ಗಾಲಿಯ ಮೇಲೆ, ಇದರ ಜೊತೆ ಉದ್ದನೆಯ ಸರಳು.' ಆ ಗಂಟನ್ನು ಹೊಡೆದು ಬಿಚ್ಚಲು ದ್ಯಾಮಪ್ಪ ಆಮೇಲೆ ಉಳಿ ಬಳಸಬೇಕಾಯಿತು. ಆದರೆ ಬೇಸಗೆ ಮುಗಿದು, ಮಳೆ ಮುಗಿದು, ಎಂಜಿನ್ ಮತ್ತೆ ಒಂದಾದಾಗ ನೆಲದ ಮೇಲೆ ಒಂದು ನಟ್ಟೂ ಮಿಕ್ಕಿರಲಿಲ್ಲ.

"ನಾನು ಸ್ಕೂಟರ್ ಬಿಚ್ಚಿ ಜೋಡಿಸಿದ್ರೂ ಎರಡು ನಟ್ಟು ಮಿಗ್ತವೆ ಸಾರ್" ಎಂದ ದ್ಯಾಮಪ್ಪ, ಬರಿದಾದ ನೆಲವನ್ನು ಅನುಮಾನದಿಂದ ನೋಡುತ್ತ. "ಓನರ್‌ಗೆ ಕಾಣ್ದಂಗೆ ಜೇಬಿಗೆ ಹಾಕ್ಕೊತೀನಿ. ಇದ್ರಲ್ಲಿ ಒಂದೂ ಮಿಗ್ಲಿಲ್ವಲ್ಲ! ಏನೋ ಮರ್ತಂಗೆ ಆಯ್ತದೆ."

ದಸರೆಗೆ ಹತ್ತಿರವಾದಾಗ ಒಂದು ದಿನ ಮುರಳೀಕೃಷ್ಣ ತಲೆ ತಗ್ಗಿಸಿಕೊಂಡು ಬಂದರು. "ಸಾರ್, ಒಂದು ಬೇಜಾರಿನ ವಿಷಯ. ಬಾಯ್ಲರ್ ತುಂಬ ಹಳೇದು, ಬೆಂಕಿ ಹಾಕೋ ಹಾಗಿಲ್ಲ. ಎಂಜಿನ್ ಓಡಲ್ಲ. ನೋಡೋಕೆ ಹಳಿ ಮೇಲೆ ನಿಂತಿರತ್ತೆ, ಅಷ್ಟೇ. ಗಾಳಿ ಸಿಲಿಂಡರ್ ಇಟ್ಟು ಸಿಳ್ಳೆ ಮಾತ್ರ ಹೊಡೆಯೋ ಹಾಗೆ ಮಾಡಿದೀವಿ. ಇಷ್ಟು ದಿನ ಕಷ್ಟಪಟ್ಟಿರಿ. ನಿಮಗೆ ಎಷ್ಟು ನಿರಾಸೆ ಆಗತ್ತೆ ಅಂತ ನನಗೆ ಗೊತ್ತು."

"ಛೆ, ಛೆ, ಛೆ" ಎಂದು ಚಕ್ರಪಾಣಿಯವರು ತಲೆ ಅಲ್ಲಾಡಿಸಿದರು. ತಲೆ ಅಲ್ಲಾಡುತ್ತಿದ್ದಂತೆಯೇ ಮನಸ್ಸು ಕೆಂಗೇರಿಯ ಗಣಪತಿಗೆ ಒಂದು ಈಡುಗಾಯಿ ಒಡೆದು ಬಂತು. ಓಡುವುದಿಲ್ಲ! ಓಡದ ಎಂಜಿನ್ನಿಗೆ ತಾವು ಡ್ರೈವರಲ್ಲವೆಂದು ಯಾರಪ್ಪ ಹೇಳಿಯಾನು?

ಭಯ ಬಿಟ್ಟ ಮನುಷ್ಯ ಉದಾರಿಯಾಗುತ್ತಾನೆ. ಚಕ್ರಪಾಣಿಯವರು ಎದೆ ಉಬ್ಬಿಸಿ ನಿಂತು ಅಲ್ಲೇ ಅಪ್ಪಣೆ ಕೊಡಿಸಿದರು: "ಆಯುಧಪೂಜೆ ದಿನವೇ ಉದ್ಘಾಟನೆ ಇಟ್ಕೊಳ್ಳಿ. ನಾನೇ ಮೇಲೆ ನಿಲ್ತೀನಿ. ಬೀಗರನ್ನೂ ಕರೆಸ್ತೀನಿ. ಪೂಜೆ ನಮ್ಮ ಮನೆ ಕಡೆಯಿಂದ. ಏನೂ ಕಮ್ಮಿ ಆಗಬಾರದು. ಬಾಳೆಕಂದು, ಬೂದುಗುಂಬಳ, ಪ್ರತಿ ಗಾಲಿಗೂ ಒಂದೊಂದು ನಿಂಬೆಹಣ್ಣು."

ನಿಂಬೆಹಣ್ಣು! ಆ ಮಾತಿನ ಬೆನ್ನಿಗೆ ಏನು ಬರುತ್ತದೆಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಚಲನೆಯ ನಿಯಮಗಳನ್ನು ವರ್ಷವರ್ಷವೂ ಪಾಠ ಮಾಡಿದ ಮುರಳೀಕೃಷ್ಣರಿಗೂ ಹೊಳೆಯಲಿಲ್ಲ. ಸೈಕಲ್ಲಿನಿಂದ ಲಾರಿಯವರೆಗೆ ಗಾಲಿಯೆಂದ ಮೇಲೆ ನಿಂಬೆಹಣ್ಣು ಇಡುವುದು ನಮ್ಮ ಪದ್ಧತಿ, ಇಟ್ಟರು.

ಆಯುಧಪೂಜೆಯ ಬೆಳಗ್ಗೆ ಗೋದಾಮಿನ ಅಂಗಳ ಕಾಣಬೇಕಿತ್ತು. ಹೊಗೆಕೊಳವೆಗೆ ಸೇವಂತಿಗೆ ಹಾರ, ಮೂತಿಗೆ ವಿಭೂತಿ ಪಟ್ಟೆ, ಅರಿಸಿನ ಕುಂಕುಮ. ಗೋದಾಮಿನ ಬಾಗಿಲಿಂದ ಗೇಟಿನ ಕಡೆಗೆ ಒಂದು ತುಂಡು ಹಳಿ. ಅದು ಗೇಟಿನತ್ತ ಒಂಚೂರು ಇಳಿಜಾರು. ಹಳಿ ಮುಗಿಯುವಲ್ಲಿ ಶಾಮಿಯಾನ, ಶಾಮಿಯಾನದ ಕೆಳಗೆ ಪುಳಿಯೋಗರೆ, ಕೇಸರಿಬಾತ್, ಮೊಸರನ್ನದ ಪಾತ್ರೆಗಳು. ಅವುಗಳ ಪಕ್ಕದ ಕುರ್ಚಿಯಲ್ಲಿ ಮಂಡಿಗೆ ಪಟ್ಟಿ ಕಟ್ಟಿಕೊಂಡು ಜಗದಾಂಬಾ. ಶಾಸ್ತ್ರಿಗಳು ಕೂರಲೆಂದು ಅನಂತಲಕ್ಷ್ಮಿ ತವರಿನಿಂದ ತಂದ ಹಲಸಿನ ಮಣೆ ಹಳಿಯ ಬದಿಯಲ್ಲಿ, ಶಾಮಿಯಾನದ ಹತ್ತಿರವೇ ಇತ್ತು. ನಾಲ್ಕು ಬೆರಳು ದಪ್ಪದ್ದು, ಮೂಲೆಗಳಿಗೆ ಹಿತ್ತಾಳೆಯ ಹೂ. "ನಮ್ಮಜ್ಜಿ ಹಸೆಮಣೆ ಅದು. ಗೀರು ಬಿದ್ರೆ ನಿಮ್ಮನ್ನ ಮನೇಗೆ ಸೇರಿಸಲ್ಲ" ಎಂದು ಗಂಡನಿಗೆ ಮೂರು ಸಲ ಹೇಳಿಯೇ ಕೊಟ್ಟಿದ್ದರು.

ಹೇಮಶ್ರೀ ಮೈಕು ಹಿಡಿದಿದ್ದರು. ಚಕ್ರಪಾಣಿಯವರು ಖಾಕಿ ಅಂಗಿ ತೊಟ್ಟು, ತಲೆಗೆ ಕರವಸ್ತ್ರ ಬಿಗಿದು ಎಂಜಿನ್ ಮೇಲೆ ನಿಂತಿದ್ದರು. ಕೆಳಗಿನಿಂದ ಶಿವಬಸಪ್ಪನವರು ಫೋಟೋ ತೆಗೆಯುತ್ತ "ಬೀಗರ, ಸ್ವಲ್ಪ ಸಿಟ್ಟಿಲೆ ನೋಡ್ರಿ, ಡ್ರೈವರ್ ಕಂಡಂಗ ಕಾಣ್ತೈತಿ" ಎನ್ನುತ್ತಿದ್ದರು. ಮಂಗಳಾರತಿಯಾಯಿತು. ಬೂದುಗುಂಬಳ ಒಡೆಯಿತು. ಶಾಸ್ತ್ರಿಗಳು ಮಣೆಯ ಮೇಲೆ ಕೂತು, ಆರು ಗಾಲಿಗಳ ಮುಂದಿನ ಆರು ನಿಂಬೆಹಣ್ಣನ್ನೂ ಕಣ್ಣಲ್ಲೇ ಎಣಿಸಿ, ಹೇಳಿದರು:

"ಆಯ್ತು. ಇನ್ನು ಗಾಡಿ ಮುಂದಕ್ಕೆ ತಗೊಳ್ಳಿ."

ಹೇಮಶ್ರೀ ಮೈಕನ್ನು ಮುರಳೀಕೃಷ್ಣರ ಕಡೆ ಚಾಚಿದರು.

"ಶಾಸ್ತ್ರಿಗಳೇ" ಎಂದರು ಮುರಳೀಕೃಷ್ಣ, "ಇದು ಓಡಲ್ಲ."

"ಓಡದ ಗಾಡಿಗೆ ನಿಂಬೆಹಣ್ಣು ಯಾಕ್ರೀ ಇಟ್ರಿ?"

"ಕೈಯಲ್ಲಿ ತೆಗೆದುಬಿಡೋಣ ಬಿಡಿ" ಎಂದು ಹೇಮಶ್ರೀ ಬಗ್ಗಿದರು.

"ಧಾರಾಳವಾಗಿ ತೆಗೀರಮ್ಮ. ಗಾಡಿಗಾಗಿರೋ ದೃಷ್ಟಿಯೆಲ್ಲ ತೆಗೆದವರ ಮೈಗೆ. ನನ್ನದೇನಿದೆ."

ಹೇಮಶ್ರೀ ಬಗ್ಗಿದ ಭಂಗಿಯಲ್ಲೇ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಎದ್ದರು. ಬಡಾವಣೆಯ ಜನ ಎರಡು ಹೆಜ್ಜೆ ಹಿಂದೆ ಸರಿದರು. ಆಗ ಶಿವಬಸಪ್ಪನವರು ಪಂಚೆ ಮೇಲೆತ್ತಿ ಕಟ್ಟಿದರು.

"ಎದಕ್ಕ ಚಿಂತಿ ಮಾಡ್ತೀರಿ? ನಮ್ಮೂರಾಗ ಬಸ್ ನಿಂತ್ರ ಏನ್ ಮಾಡ್ತೀವಿ? ದಬ್ತೀವಿ! ಬರ್ರಿ ಎಲ್ಲಾರೂ. ನಿಲ್ಲಸಾಕ ಮ್ಯಾಲ ನಮ್ಮ ಬೀಗರು ಅದಾರ!"

ಸಂಘದ ಸದಸ್ಯರು, ಗ್ಯಾರೇಜಿನವರು, ಜಂಕ್ಷನ್ನಿನ ಆಟೋದವರು, ಅಡಿಗೆಯವರು, ಎಲ್ಲ ಎಂಜಿನ್ನಿನ ಹಿಂದೆ ಸೇರಿದರು. ದ್ಯಾಮಪ್ಪ ಮೇಲೆ ಹತ್ತಿ, ಮೂಲೆಯಲ್ಲಿದ್ದ ಒಂದು ಸಣ್ಣ ಕಬ್ಬಿಣದ ಚಕ್ರವನ್ನು ಗರಗರ ತಿರುಗಿಸಿದ. "ಬ್ರೇಕ್ ಸಡ್ಲ ಮಾಡಿದೀನಿ ಸಾರ್. ನಿಂಬೆಹಣ್ಣು ದಾಟಿದ ತಕ್ಷಣ ಬಿಗಿ ಮಾಡ್ಬಿಡಿ. ನಿಮಗೆ ಹೇಳ್ಕೊಡ್ಬೇಕಾ!" ಎಂದು ನಕ್ಕು, ಹಾರಿ, ತಳ್ಳುವವರ ಗುಂಪಿಗೆ ಸೇರಿಕೊಂಡ.

ಚಕ್ರಪಾಣಿಯವರು ಆ ಚಕ್ರವನ್ನು ನೋಡಿದರು. ದ್ಯಾಮಪ್ಪ ತಿರುಗಿಸಿದ್ದು ಎಡಕ್ಕೋ, ಬಲಕ್ಕೋ? ಅವನ ಬೆನ್ನು ಅಡ್ಡವಿತ್ತು. ಈ ಎಂಜಿನ್ನಿನ ಪ್ರತಿಯೊಂದು ತುಂಡಿಗೂ ಅವರು ತಮ್ಮ ಕೈಯಾರೆ ಚೀಟಿ ಕಟ್ಟಿದ್ದರು. ಇದೊಂದೇ ಚಕ್ರ ಸರಿಯಾಗಿದೆಯೆಂದು ಬಿಚ್ಚಿರಲಿಲ್ಲ. ಬಿಚ್ಚದ್ದಕ್ಕೆ ಚೀಟಿಯಿಲ್ಲ.

"ಐ...ಸಾ!" ಎಂದು ಶಿವಬಸಪ್ಪನವರು ಹಳಿಯ ಬದಿಯಲ್ಲಿ ನಿಂತು ಕೂಗಿದರು.

"ಐಸಾ!" ಎಂದಿತು ನಾಯಂಡಹಳ್ಳಿ.

ಎಂಜಿನ್ ಮೊದಲು ಕಿರುಗುಟ್ಟಿತು. ಆಮೇಲೆ ನಿದ್ದೆಯಿಂದೆದ್ದ ಅಜ್ಜನಂತೆ ಒಮ್ಮೆ ಮುಲುಕಿ, ನಿಧಾನವಾಗಿ ಉರುಳಿತು. ಪಚ್, ಪಚ್, ಪಚ್. ಆರೂ ನಿಂಬೆಹಣ್ಣು ಅಪ್ಪಚ್ಚಿಯಾದವು. ಚಪ್ಪಾಳೆಯೋ ಚಪ್ಪಾಳೆ. ಇಳಿಜಾರು ಸಿಕ್ಕಿತು. ಎಂಜಿನ್ ಮುಂದುವರಿಯಿತು.

ಚಕ್ರಪಾಣಿಯವರು ಚಕ್ರವನ್ನು ಎಡಕ್ಕೆ ತಿರುಗಿಸಿದರು. ಅದು ಬೆಣ್ಣೆಯಂತೆ ತಿರುಗಿತು. ಎಷ್ಟು ತಿರುಗಿಸಿದರೂ ತಿರುಗಿತು. ಎಂಜಿನ್ನಿಗೆ ಇನ್ನಷ್ಟು ಹುರುಪು ಬಂತು. ಗಾಬರಿಯಲ್ಲಿ ಕೈಗೆ ಸಿಕ್ಕ ಸರಪಳಿ ಜಗ್ಗಿದರು. "ಕೂ...!" ಎಂದು ಸಿಳ್ಳೆ ಮೊಳಗಿತು. ಅದು ಪ್ರಾಣಭಯದ ಕೂಗು ಎಂದು ಹಿಂದಿನವರಿಗೆ ತಿಳಿಯುವುದು ಹೇಗೆ?

"ಡ್ರೈವರ್ ಸಾಹೇಬ್ರು ಖುಷಿಯಾಗಿದಾರೆ! ಇನ್ನೂ ಜೋರಾಗಿ!" ಎಂದು ಹೇಮಶ್ರೀ ಗುಂಪಿನ ಹಿಂದಿನಿಂದ ಮೈಕಿನಲ್ಲಿ ಸಾರಿದರು. ಇನ್ನೂ ಜೋರಾಗಿ ತಳ್ಳಿದರು. ಚಕ್ರಪಾಣಿಯವರು ಮತ್ತೆ ಸರಪಳಿ ಜಗ್ಗಿದರು. ಅವರು ಜಗ್ಗಿದಷ್ಟೂ ಇವರು ತಳ್ಳಿದರು.

ಪುಳಿಯೋಗರೆ ಹತ್ತಿರವಾಗುತ್ತ ಬಂತು. ಶಾಸ್ತ್ರಿಗಳು ಕಣ್ಣು ಬಿಟ್ಟು, ಎದುರಿಗೆ ವಿಭೂತಿ ಬಳಿದ ಆ ದೊಡ್ಡ ಮೂತಿಯನ್ನು ನೋಡಿ, ದಕ್ಷಿಣೆಯ ತಟ್ಟೆ ಎದೆಗವಚಿಕೊಂಡು ಒಂದೇ ನೆಗೆತಕ್ಕೆ ಕೇಸರಿಬಾತಿನ ಹಿಂದೆ ಮಾಯವಾದರು. ಬಡಿಸುವವರು ಸೌಟು ಬಿಸಾಕಿ ಓಡಿದರು. ಚಕ್ರಪಾಣಿಯವರು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.

ಕುರ್ಚಿಯಿಂದ ಎದ್ದದ್ದು ಒಬ್ಬರೇ. ಮೆಟ್ಟಿಲು ಹತ್ತಲಾರದ, ಡಾಕ್ಟರು ನೆಲದ ಮೇಲೆ ಕೂರಲೇಬೇಡಿ ಎಂದಿದ್ದ ಜಗದಾಂಬಾ, ಸೆರಗು ಸಿಕ್ಕಿಸಿ, ನಾಲ್ಕೇ ಹೆಜ್ಜೆಗೆ ಹಳಿಯ ಬದಿಗೆ ಬಂದರು. ರೊಟ್ಟಿ ಬಡಿದು ಪಳಗಿದ ಕೈಗಳು ಆ ಹಲಸಿನ ಮಣೆಯನ್ನು ಎತ್ತಿದವು. ಹಂಚಿಗೆ ರೊಟ್ಟಿ ಹಾಕುವ ಹದದಲ್ಲಿ ಮುಂದಿನ ಗಾಲಿಯ ಅಡಿಗೆ ಜಾರಿಸಿದವು.

ಕಟ್!

ಎಂಜಿನ್ ಒಮ್ಮೆ ಗದಗುಟ್ಟಿ ನಿಂತಿತು. ಅದರ ಮೂತಿಗೂ ಪುಳಿಯೋಗರೆಯ ಪಾತ್ರೆಗೂ ನಡುವೆ ಒಂದು ಗೇಣು. ಹೊಗೆಕೊಳವೆಯ ಹಾರದಿಂದ ಒಂದು ಸೇವಂತಿಗೆ ಉದುರಿ ಪುಳಿಯೋಗರೆಯ ಮೇಲೆ ಬಿತ್ತು.

ಹಿಂದಿನಿಂದ ತಳ್ಳುತ್ತಿದ್ದವರಿಗೆ ಇದ್ಯಾವುದೂ ಕಾಣಲಿಲ್ಲ. "ಏನ್ ಬ್ರೇಕ್ ಹಿಡಿದ್ರು ಗುರು!" ಎಂದು ಆಟೋದವರು ಕುಣಿದರು. "ಅಂದು ಕರು ಉಳಿಸಿದ ಕೈ, ಇಂದು ಪುಳಿಯೋಗರೆ ಉಳಿಸಿತು!" ಎಂದು ಹೇಮಶ್ರೀ ಮೈಕಿನಲ್ಲಿ ಘೋಷಿಸಿದರು. ಮುರಳೀಕೃಷ್ಣ ಅಳುತ್ತಲೇ ಬಂದು ಶಾಲು ಹೊದಿಸಿದರು. ಚಕ್ರಪಾಣಿಯವರು ಕಣ್ಣು ಬಿಟ್ಟಾಗ ಕಂಡದ್ದು ಮೂರೇ ಮುಖ: ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದ ಜಗದಾಂಬಾ, ಅವರ ಪಕ್ಕಕ್ಕೆ ಓಡಿಬಂದು ನಿಂತ ಶಿವಬಸಪ್ಪ, ಮತ್ತು ನಡುವೆ ಸೀಳು ಬಿಟ್ಟ ಅಜ್ಜಿಯ ಮಣೆಯನ್ನು ನೋಡುತ್ತಿದ್ದ ಅನಂತಲಕ್ಷ್ಮಿ. ಮೂವರಿಗೂ ನಡೆದದ್ದೆಲ್ಲ ಕಂಡಿತ್ತು.

ಚಕ್ರಪಾಣಿಯವರು ಕೆಳಗಿಳಿದರು. ಇನ್ನು ಸಾಕು ಎನಿಸಿತು. ಬೀಗಿತ್ತಿಯ ಮಂಡಿಯನ್ನೇ ಪಣಕ್ಕೊಡ್ಡಿದ ಸುಳ್ಳನ್ನು ಇನ್ನೂ ಹೊತ್ತು ತಿರುಗಲು ಅವರಿಂದಾಗದು. ಶಾಲು ಹೊದ್ದಂತೆಯೇ ಮೂವರನ್ನೂ ನೀರಿನ ಟ್ಯಾಂಕಿನ ಮರೆಗೆ ಕರೆದುಕೊಂಡು ಹೋದರು.

"ಬೀಗರೇ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ನಾನು ಡ್ರೈವರ್..."

ಶಿವಬಸಪ್ಪನವರು ಥಟ್ಟನೆ ಅವರ ಬಾಯಿ ಮುಚ್ಚಿದರು. ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಜನ್ಮದಲ್ಲಿ ಮೊದಲ ಬಾರಿಗೆ ಅವರ ದನಿ ತಗ್ಗಿತು.

"ಸುಮ್ನಿರ್ರಿ ಬೀಗರ! ಅದೆಲ್ಲ ಬಾಯಿಂದ ತೆಗೀಬ್ಯಾಡ್ರಿ. ನೀವು ಪಾರ್ಸಲ್ ಆಫೀಸಿನ್ಯಾಗ ಇದ್ರಿ ಅಂತ ನಿಶ್ಚಿತಾರ್ಥಕ್ಕ ಬರೂಕ ಮೊದಲ ನಮ್ಮ ಸಿದ್ದು ಹೇಳಿದ್ದ. ಮಾಲವಿಕಾನ ಅವನಿಗೆ ಹೇಳಿದ್ಲಂತ."

ಚಕ್ರಪಾಣಿಯವರು ಬೀಗರ ಕೈಯನ್ನು ಬಾಯಿಂದ ಸರಿಸಿದರು. "ಗೊತ್ತಿತ್ತಾ? ಗೊತ್ತಿದ್ದೂ ಆವತ್ತು ಅಪ್ಪಿಕೊಂಡ್ರಾ?"

"ಕಥಿ ಅಷ್ಟ ಚಲೋ ಇತ್ತು! ನನ್ನ ಗೇಟಿಗೆ ಸರಿಜೋಡಿ ಹೇಳಾವರು ಸಿಕ್ಕರಲ್ಲ ಅಂತ ಎದಿ ತುಂಬಿ ಬಂತು."

"ಗೇಟಂತ ಗೇಟು!" ಜಗದಾಂಬಾ ಮಂಡಿ ಒತ್ತಿಕೊಳ್ಳುತ್ತ ನಕ್ಕರು. "ಗೇಟ್ ಎತ್ತಿದ ದಿನ ಇವರು ಜ್ವರ ಬಂದು ದುಪ್ಪಟಿ ಹೊತ್ಕೊಂಡ ಮನ್ಯಾಗ ಮಲಗಿದ್ರು. ಗಂಜಿ ಕುಡಿಸಿದಾಕಿ ನಾನು."

ಶಿವಬಸಪ್ಪನವರು ಅದನ್ನು ಕೇಳದವರಂತೆ ಮುಂದುವರಿದರು. "ಈಗ ಕೇಳ್ರಿ. ರಾಣೆಬೆನ್ನೂರಾಗ ನಮ್ಮ ಓಣಿ ತುಂಬ ಹೇಳೀನಿ, ನಮ್ಮ ಬೀಗರು ಎಂಜಿನ್ ಡ್ರೈವರ್ ಅಂತ. ವಾಕಿಂಗ್ ಗೆಳ್ಯಾರೆಲ್ಲ ದೀಪಾವಳಿ ಆದ ಮ್ಯಾಲ ನಿಮ್ಮನ್ನ ನೋಡಾಕ ಅಂತ ಗಾಡಿ ಮಾಡ್ಕೊಂಡು ಬರ್ತಾರ. ಈಗ ನೀವು ಅಲ್ಲ ಅಂದ್ರ ಸುಳ್ಳ ಆಗಾವ ಯಾರು? ನಾನು! ಮರ್ಯಾದಿ ಪ್ರಶ್ನೆ ಐತ್ರಿ. ಕೈ ಮುಗೀತೀನಿ, ಡ್ರೈವರ್ ಆಗೇ ಇರ್ರಿ."

"ಒಂದ ಮಾತು ಬೀಗರ" ಎಂದರು ಜಗದಾಂಬಾ. "ಕರು ಮಾತ್ರ ಒಂದ ಬಣ್ಣದ್ದು ಇಟ್ಟುಬಿಡ್ರಿ. ಸಂಭಾಳ್ಸಾಕ ನಮಗ ಭಾಳ ತ್ರಾಸ ಆಗೈತಿ."

"ಕಂದು ಇರ್ಲಿ" ಎಂದರು ಅನಂತಲಕ್ಷ್ಮಿ. ಬೀಗರ ಮುಂದೆ ಆ ಕರುವಿನ ಬಗ್ಗೆ ಅವರು ಆಡಿದ ಮೊದಲ ಮಾತು ಅದು. "ಮೊದಲು ಹುಟ್ಟಿದಾಗ ಕಂದೇ ಇತ್ತು." ಆಮೇಲೆ ಗಂಡನ ಕಡೆ ತಿರುಗಿ, "ಮಣೆ ವಿಷಯ ಮನೇಲಿ ಮಾತಾಡೋಣ" ಎಂದರು.

ದೀಪಾವಳಿ ಕಳೆದ ಮೇಲೆ ರಾಣೆಬೆನ್ನೂರಿನ ಒಂದು ಗಾಡಿ ತುಂಬ ಜನ ಬಂದು ಎಂಜಿನ್ನಿನ ಸುತ್ತ ನೆರೆದರು. ಮಾಲವಿಕಾ, ಸಿದ್ದಲಿಂಗೇಶ್ ಇಬ್ಬರೂ ಬಂದು ಹಿಂದಿನ ಸಾಲಿನಲ್ಲಿ, ನಗು ಬಾರದಂತೆ ತುಟಿ ಕಚ್ಚಿಕೊಂಡು ನಿಂತಿದ್ದರು. ಶಿವಬಸಪ್ಪನವರು ಬೀಗರ ಹೆಗಲ ಮೇಲೆ ಕೈಯಿಟ್ಟು "ಹೇಳ್ರಿ" ಎಂದರು.

"ಆವತ್ತು ಬಿಡದಿ ಹತ್ತಿರ ಬೆಳಗಿನ ಮಂಜು" ಎಂದು ಚಕ್ರಪಾಣಿಯವರು ಆರಂಭಿಸಿದರು. ಹಳಿಯ ಮೇಲೆ ಏನೋ ಕಂಡಲ್ಲಿಗೆ ಬಂದು ಒಂದು ಕ್ಷಣ ತಡೆದರು. ಎದುರಿಗೆ ಕೂತ ಜಗದಾಂಬಾ ತಮ್ಮ ಸೀರೆಯ ಕಂದು ಸೆರಗನ್ನು ಸುಮ್ಮನೆ ಸರಿಮಾಡಿಕೊಂಡರು.

"ಕಂದು ಕರು!" ಎಂದರು ಚಕ್ರಪಾಣಿ. ಜನ ಉಸಿರು ಬಿಗಿಹಿಡಿದರು.

ಆ ಎಂಜಿನ್ ಈಗಲೂ ಅಲ್ಲಿದೆ. ಮುಂದಿನ ಗಾಲಿಗೆ ಆನಿಕೆಯಾಗಿ ಒಂದು ಸೀಳಿದ ಹಲಸಿನ ಮಣೆ. ಮುರಳೀಕೃಷ್ಣರು ಅದನ್ನು ವಾಪಸು ಕೊಡಲು ಬಂದಾಗ ಅನಂತಲಕ್ಷ್ಮಿಯೇ ಅಲ್ಲಿರಲಿ ಬಿಡಿ ಎಂದರಂತೆ. ವಾರಕ್ಕೊಮ್ಮೆ ಹೋಗಿ ಅದರ ಹಿತ್ತಾಳೆಯ ಹೂಗಳಿಗೆ ಹುಣಿಸೆಹಣ್ಣು ಹಚ್ಚಿ ತಿಕ್ಕಿ ಬರುತ್ತಾರೆ. ಮೇಲೆ ಹತ್ತಿ ನೋಡಿದರೆ, ಮೂಲೆಯ ಸಣ್ಣ ಕಬ್ಬಿಣದ ಚಕ್ರಕ್ಕೆ ರಟ್ಟಿನ ಚೀಟಿಯೊಂದು ತೂಗುತ್ತಿರುತ್ತದೆ. ಅದರ ಗಂಟನ್ನು ಯಾರೂ ಬಿಚ್ಚಲಾರರು. ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದಿದೆ: 'ಬ್ರೇಕು. ಬಲಕ್ಕೆ ತಿರುಗಿಸುವುದು.'